ಹತ್ತಿ ಬಿಡಿಸುವ ತಿಂಗಳಲ್ಲಿ ಖಾಲಿ ಉಳಿಯುವ ಜಾಗ

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರ ಹಾಜರಿ ಪುಸ್ತಕ ಕೈಗೆ ಸಿಕ್ಕರೆ ಜುಲೈ ತಿಂಗಳ ಪುಟವನ್ನೂ ಡಿಸೆಂಬರ್ ತಿಂಗಳ ಪುಟವನ್ನೂ ಒಟ್ಟಿಗೆ ನೋಡಬೇಕು. ಜುಲೈನಲ್ಲಿ ತುಂಬಿದ ಸಾಲುಗಳು ದಸರಾ ರಜೆ ಮುಗಿದ ಮೇಲೆ ಅಲ್ಲಲ್ಲಿ ಬರಿದಾಗುತ್ತವೆ. ಡಿಸೆಂಬರ್ ಹೊತ್ತಿಗೆ ಕೆಲವು ಹೆಸರುಗಳ ಮುಂದೆ ಉದ್ದಕ್ಕೂ ಗೈರು. ನಾರಾಯಣಪುರ ಎಡದಂಡೆ ಕಾಲುವೆ ಹರಿಯುವ ಈ ಸೀಮೆಯಲ್ಲಿ ಹತ್ತಿ ಜಾಸ್ತಿ. ಹತ್ತಿ ಒಂದೇ ಸಲಕ್ಕೆ ಕೊಯ್ದು ಮುಗಿಸುವ ಬೆಳೆಯಲ್ಲ. ಕಾಯಿ ಒಡೆದಂತೆಲ್ಲ ಅಕ್ಟೋಬರ್‌ನಿಂದ ಜನವರಿತನಕ ಮೂರು ನಾಲ್ಕು ಸಲ ಬಿಡಿಸಬೇಕು. ಕೂಲಿ ಕಿಲೋ ಲೆಕ್ಕ. ಕಿಲೋ ಲೆಕ್ಕದ ಕೆಲಸದಲ್ಲಿ ಮನೆಯ ಪ್ರತಿ ಕೈಗೂ ಬೆಲೆ ಬರುತ್ತದೆ, ಎಂಟನೇ ಕ್ಲಾಸಿನ ಹುಡುಗಿಯ ಕೈಗೂ.

ಕಲಬುರಗಿ ಕಡೆ ಇದೇ ಹೊತ್ತಿಗೆ ತೊಗರಿ. ಡಿಸೆಂಬರ್, ಜನವರಿಯಲ್ಲಿ ಕಟಾವು, ಆಮೇಲೆ ರಾಶಿ. ಬೀದರ್‌ನ ಔರಾದ್, ಭಾಲ್ಕಿ ಮತ್ತು ಕಲಬುರಗಿಯ ಆಳಂದ, ಚಿಂಚೋಳಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರಿದ್ದಾರೆ. ಕೂಲಿಯಾಳುಗಳನ್ನು ಒದಗಿಸುವ ಮುಕದ್ದಮ ಮಳೆಗಾಲದಲ್ಲೇ ಗಂಡ ಹೆಂಡತಿ ಜೋಡಿಗೆ ಮುಂಗಡ ಕೊಟ್ಟಿರುತ್ತಾನೆ, ಕಾರ್ಖಾನೆ ಶುರುವಾದಾಗ ಜೋಡಿ ಹೋಗಲೇಬೇಕು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ದೊಡ್ಡ ಮಗಳೂ ಜೊತೆಗೆ. ಇನ್ನು ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವ ಮನೆಗಳಿಗೆ ಇಂಥದ್ದೇ ತಿಂಗಳೆಂಬ ನಿಯಮವಿಲ್ಲ.

ಶಾಲಾ ಮಕ್ಕಳಿಗೆ ಮೆಂಟರ್ ಆಗಿ ಬರುವ ಸ್ವಯಂಸೇವಕರ ವರ್ಷ ಹೇಗಿರುತ್ತದೆ ನೋಡಿ. ಜೂನ್‌ನಲ್ಲಿ ಹುಮ್ಮಸ್ಸು, ಆಗಸ್ಟ್ 15ಕ್ಕೆ ನೋಟ್‌ಬುಕ್ ಹಂಚಿಕೆ, ಸೆಪ್ಟೆಂಬರ್‌ನಲ್ಲಿ ಎರಡು ವಾರ ತಪ್ಪುತ್ತದೆ, ದಸರಾ, ದೀಪಾವಳಿ ಆದಮೇಲೆ ಯಾರೂ ಇಲ್ಲ. ಮಗು ಶಾಲೆಯಿಂದ ಕಳಚಿಕೊಳ್ಳುವ ತಿಂಗಳೂ ಮೆಂಟರ್ ಕಳಚಿಕೊಳ್ಳುವ ತಿಂಗಳೂ ಒಂದೇ. ಈ ಭಾಗದಲ್ಲಿ ಮಕ್ಕಳ ಜೊತೆ ಕೆಲಸ ಮಾಡಬಯಸುವವರು ಮೊದಲು ಕೇಳಿಕೊಳ್ಳಬೇಕಾದದ್ದು ‘ಅಕ್ಟೋಬರ್‌ನಿಂದ ಫೆಬ್ರವರಿತನಕ ಇರುತ್ತೇನಾ?’ ಎಂದು. ಇರಲಾರೆ ಅನ್ನಿಸಿದರೆ ಜೂನ್‌ನಲ್ಲಿ ಶುರು ಮಾಡದಿರುವುದೇ ಲೇಸು. ಮುಂದೆ ಬರೆದಿರುವುದೆಲ್ಲ ಇರುತ್ತೇನೆ ಎನ್ನುವವರಿಗೆ.

ಎಷ್ಟು ಮಕ್ಕಳು, ಯಾವ ಕ್ಲಾಸು? ಒಬ್ಬರಿಗೆ ಐದು, ಹೆಚ್ಚೆಂದರೆ ಆರು. ಹತ್ತು ಮಕ್ಕಳಾದರೆ ಅದು ಟ್ಯೂಷನ್ ಆಗುತ್ತದೆ. ಯಾರು ಯಾವ ವಾರ ಬರಲಿಲ್ಲ ಎನ್ನುವುದೇ ನೆನಪಿರುವುದಿಲ್ಲ. ಎಂಟನೇ ಕ್ಲಾಸಿನಿಂದ ಹಿಡಿಯುವುದು ಒಳ್ಳೆಯದು. ನಮ್ಮಲ್ಲಿ ಬಹಳ ಹಳ್ಳಿಗಳಲ್ಲಿ ಊರಿನ ಶಾಲೆ ಏಳಕ್ಕೆ ಮುಗಿಯುತ್ತದೆ, ಟಿಸಿ ತೆಗೆದುಕೊಂಡು ಪಕ್ಕದ ಊರಿನ ಹೈಸ್ಕೂಲಿಗೆ ಹೋಗಬೇಕು. ಹೊಸ ಊರು, ಹೊಸ ಮಾಸ್ತರು, ಬಸ್ಸಿನ ಓಡಾಟ ಎಲ್ಲ ಒಟ್ಟಿಗೆ ಬೀಳುವ ವರ್ಷ ಅದು. ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಯೂ ಅದೇ ಕ್ಲಾಸಿಗೆ. ಹತ್ತನೇ ಕ್ಲಾಸಿನ ಜನವರಿಯಲ್ಲಿ ಬಂದು ಎಸ್ಸೆಸ್ಸೆಲ್ಸಿ ಪಾಸು ಮಾಡಿಸುತ್ತೇನೆ ಎನ್ನುವವರಿಗಿಂತ ಎಂಟರಲ್ಲಿ ಕೈಹಿಡಿದು ಎರಡು ವರ್ಷ ಬಿಡದವರು ಮಾಡುವ ಕೆಲಸ ದೊಡ್ಡದು.

ಶಾಲೆಯೊಳಗೆ ಕಾಲಿಡುವ ಮೊದಲು ಮುಖ್ಯಗುರುಗಳ ಒಪ್ಪಿಗೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಒಂದು ಪತ್ರ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎರಡು ಮಾತು, ಈ ಮೂರೂ ಬೇಕು. ಎಸ್‌ಡಿಎಂಸಿಯವರು ಮಕ್ಕಳ ಪಾಲಕರೇ ಆದ್ದರಿಂದ ಅಲ್ಲಿ ಮುಖ ತೋರಿಸಿದರೆ ಮುಂದೆ ಮನೆಗೆ ಹೋದಾಗ ಅಪರಿಚಿತರಾಗಿ ಉಳಿಯುವುದಿಲ್ಲ. ಆಧಾರ್ ನಕಲು, ಫೋಟೊ, ಎಲ್ಲಿ ಓದುತ್ತೀರಿ ಅಥವಾ ಕೆಲಸ ಮಾಡುತ್ತೀರಿ ಎಂಬ ಪತ್ರವನ್ನು ಕೇಳುವ ಮೊದಲೇ ಕೊಟ್ಟುಬಿಡಿ. ಮಕ್ಕಳೊಂದಿಗೆ ಕೂರುವುದು ಬಾಗಿಲು ತೆರೆದ ಕೋಣೆಯಲ್ಲಿ ಅಥವಾ ಶಾಲೆಯ ಕಟ್ಟೆಯ ಮೇಲೆ, ಇನ್ನೊಬ್ಬ ದೊಡ್ಡವರ ಕಣ್ಣಳತೆಯಲ್ಲಿ. ಒಂದೇ ಮಗುವಿನ ಜೊತೆ ಒಂಟಿಯಾಗಿ ಕೂರುವುದು, ಬೈಕಿನಲ್ಲಿ ಮನೆಗೆ ಬಿಡುವುದು, ಮಗುವಿಗೇ ನೇರ ಮೆಸೇಜ್ ಕಳಿಸುವುದು, ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವುದು, ಇವು ಯಾವುವೂ ಬೇಡ. ನಿಮ್ಮ ಮನಸ್ಸು ಎಷ್ಟೇ ಶುದ್ಧವಿರಲಿ, ನಿಯಮ ಇರುವುದು ಮಗುವಿನ ರಕ್ಷಣೆಗೆ. ಮಗು ಏನಾದರೂ ಕೆಟ್ಟದ್ದು ಹೇಳಿಕೊಂಡರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಿದ್ದೂ ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098.

ದಿನ ಗೊತ್ತುಮಾಡುವಾಗ ಊರಿನ ಸಂತೆ ಯಾವತ್ತು ಎಂದು ಕೇಳಿ ಆ ದಿನ ಬಿಡಿ. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಶಾಲೆ ಬಿಟ್ಟ ಕೂಡಲೇ ಒಂದೂವರೆ ತಾಸು ಸಿಗುತ್ತದೆ. ಊಟ ಆದಮೇಲೆ ಕೂರಿಸಿ, ಹಸಿದ ಮಗುವಿಗೆ ಏನೂ ಹತ್ತುವುದಿಲ್ಲ. ವಾಪಸ್ ಹೋಗುವ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ. ಬಸ್ ತಪ್ಪುವ ಭಯದಲ್ಲಿರುವ ಹುಡುಗಿ ಕೊನೆಯ ಇಪ್ಪತ್ತು ನಿಮಿಷ ಪುಸ್ತಕ ನೋಡುವುದಿಲ್ಲ, ರಸ್ತೆ ನೋಡುತ್ತಾಳೆ.

ಮೊದಲ ನಾಲ್ಕು ವಾರ ಪಾಠ ಮಾಡಬೇಡಿ. ಮಗು ಎಲ್ಲಿದೆ ಎಂದು ತಿಳಿಯುವುದೇ ಆ ತಿಂಗಳ ಕೆಲಸ. ಮಕ್ಕಳ ಕಲಿಕೆ ಅಳೆಯುವ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯಲ್ಲಿ ಬಳಸುವ ಮೆಟ್ಟಿಲುಗಳು ಸರಳವಾಗಿವೆ, ಸಾಕಷ್ಟೂ ಆಗುತ್ತವೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಸಣ್ಣ ಕಥೆ; ಲೆಕ್ಕದಲ್ಲಿ ಅಂಕಿ ಗುರುತು, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಬ್ಬೊಬ್ಬರನ್ನೇ ಕರೆದು ಐದು ನಿಮಿಷ ಕೇಳಬೇಕು, ಉಳಿದವರು ಕೇಳಿಸಿಕೊಳ್ಳದಷ್ಟು ದೂರದಲ್ಲಿರಲಿ. ಎಂಟನೇ ಕ್ಲಾಸಿನ ಮಗು ಎರಡನೇ ಕ್ಲಾಸಿನ ಕಥೆಯಲ್ಲಿ ಎಡವಿದರೆ ನಿಮ್ಮ ಮುಖದಲ್ಲಿ ಗಾಬರಿ ಕಾಣಬಾರದು. ಮಗು ಪುಸ್ತಕ ನೋಡುವುದಕ್ಕಿಂತ ಜಾಸ್ತಿ ನಿಮ್ಮ ಮುಖ ನೋಡುತ್ತಿರುತ್ತದೆ.

ಓದಿನಲ್ಲಿ ತೊಡಕು ಎಲ್ಲಿರುತ್ತದೆ ಎಂದರೆ, ಬಹುಪಾಲು ಅರ್ಕಾವೊತ್ತಿನಲ್ಲಿ. ‘ವರ್ಷ’ ಎಂಬ ಪದದಲ್ಲಿ ಕಣ್ಣಿಗೆ ಮೊದಲು ಕಾಣುವುದು ವ, ಆಮೇಲೆ ಷ, ಕೊನೆಗೆ ಅರ್ಕಾವೊತ್ತು. ಬಾಯಿ ಮಾತ್ರ ರ್ ಅನ್ನು ಷ ಕ್ಕಿಂತ ಮೊದಲು ಹೇಳಬೇಕು. ಮಗು ಕಂಡದ್ದನ್ನು ಕಂಡಂತೆ ಓದಿ ‘ವಷರ’ ಅನ್ನುತ್ತದೆ. ಅದು ದಡ್ಡತನವೇ ಅಲ್ಲ, ಬರಹದ ಕ್ರಮ ಒಂದು, ಉಚ್ಚಾರದ ಕ್ರಮ ಇನ್ನೊಂದು ಎಂದು ಆ ಮಗುವಿಗೆ ಯಾರೂ ನಿಧಾನವಾಗಿ ಹೇಳಿಕೊಟ್ಟಿಲ್ಲ. ಒಂದು ಪಟ್ಟಿ ಕಾಗದದಿಂದ ಪದ ಮುಚ್ಚಿ, ವ ತೋರಿಸಿ, ಮಗುವಿನ ಬೆರಳನ್ನು ಅರ್ಕಾವೊತ್ತಿಗೆ ಹಾರಿಸಿ, ಆಮೇಲೆ ಹಿಂದಿನ ಅಕ್ಷರಕ್ಕೆ ತರಬೇಕು. ಅರ್ಜಿ, ಖರ್ಚು, ಅರ್ಧ, ಪೂರ್ತಿ, ಸರ್ಕಾರ, ಸೂರ್ಯ, ಹೀಗೆ ಮನೆಯಲ್ಲಿ ದಿನವೂ ಕಿವಿಗೆ ಬೀಳುವ ಹತ್ತು ಪದ ಸಾಕು. ಕಿವಿಗೆ ಗೊತ್ತಿರುವ ಪದವಾದರೆ ತಪ್ಪು ಓದಿದಾಗ ಮಗುವಿಗೇ ತಿಳಿಯುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರದಲ್ಲಿ ಈ ಗಂಟು ಬಿಚ್ಚುವುದುಂಟು.

ಲೆಕ್ಕದ ಮಾತಿಗೆ ಬಂದರೆ 52ರಲ್ಲಿ 27 ಕಳೆ ಎನ್ನಿ. 35 ಎಂದು ಬರೆದರೆ ಆ ಉತ್ತರವನ್ನು ಹೊಡೆದುಹಾಕುವ ಮೊದಲು ಅದರೊಳಗಿನ ತರ್ಕ ನೋಡಿ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ, ಅದಕ್ಕೆ 7ರಲ್ಲಿ 2 ಕಳೆದು 5; ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3. ಪ್ರತಿ ಸಾಲಿನಲ್ಲೂ ದೊಡ್ಡದರಲ್ಲಿ ಚಿಕ್ಕದು ಕಳೆಯುವುದು ಆ ಮಗು ತಾನೇ ಕಟ್ಟಿಕೊಂಡ ನಿಯಮ. ‘ದಶಕ ತಗೋ’ ಎಂದು ನೂರು ಸಲ ಹೇಳಿದರೂ ಆ ನಿಯಮ ಕದಲುವುದಿಲ್ಲ, ಯಾಕೆಂದರೆ 52 ಎಂದರೆ ಐದು ಹತ್ತು, ಎರಡು ಬಿಡಿ ಎಂಬುದು ಕೈಗೆ ಹತ್ತಿಲ್ಲ. ನಮ್ಮ ಕಡೆ ತೊಗರಿ ಕಟ್ಟಿಗೆಗೆ ಬರವಿಲ್ಲ. ಬೆರಳುದ್ದದ ನೂರು ತುಂಡು ಮುರಿದು ಹತ್ತತ್ತರ ಕಟ್ಟು ಕಟ್ಟಿ ದಾರ ಸುತ್ತಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು ಏಳು ಕೊಡು ಎನ್ನಿ. ಕೊಡಲು ಬಿಡಿ ಇಲ್ಲ, ಒಂದು ಕಟ್ಟು ಬಿಚ್ಚಲೇಬೇಕು. ದಾರ ಬಿಚ್ಚುವ ಆ ಕ್ಷಣವೇ ದಶಕ ತೆಗೆದುಕೊಳ್ಳುವುದು. ಕಡ್ಡಿಯಲ್ಲಿ ಹತ್ತು ಲೆಕ್ಕ, ಆಮೇಲೆ ಹತ್ತು ರೂಪಾಯಿ ನೋಟು ಮತ್ತು ಚಿಲ್ಲರೆಯಲ್ಲಿ ಹತ್ತು, ಕೊನೆಗೆ ಪುಸ್ತಕದಲ್ಲಿ. ಆಮೇಲೆ 304ರಲ್ಲಿ 178 ಕೊಟ್ಟು ನೋಡಿ. ನಡುವೆ ಸೊನ್ನೆ ಇದ್ದಾಗ ಮತ್ತೆ ತಡವರಿಸುತ್ತಾರೆ. ನೂರರ ಕಟ್ಟು ಬಿಚ್ಚಿ ಹತ್ತು ಹತ್ತರ ಕಟ್ಟು, ಅದರಲ್ಲೊಂದು ಬಿಚ್ಚಿ ಹತ್ತು ಬಿಡಿ, ಎರಡು ಹಂತವನ್ನೂ ಕೈಯಿಂದಲೇ ಮಾಡಿಸಬೇಕು.

ಹೇಳಿಕೆ ಲೆಕ್ಕದಲ್ಲಿ ಭಾಷೆಯ ಬಲೆ ಬೇರೆ ಇದೆ. ‘ರಾಜುವಿನ ಹತ್ತಿರ 45 ಗೋಲಿಗಳಿವೆ. ಇವು ಬಸುವಿನ ಗೋಲಿಗಳಿಗಿಂತ 12 ಹೆಚ್ಚು. ಬಸುವಿನ ಹತ್ತಿರ ಎಷ್ಟು?’ ಉತ್ತರ 33. ಮಗು 57 ಬರೆಯುತ್ತದೆ, ‘ಹೆಚ್ಚು’ ಕಂಡರೆ ಕೂಡಿಸು ಎಂದು ಯಾರೋ ಸುಲಭದ ದಾರಿ ಹೇಳಿಕೊಟ್ಟಿರುತ್ತಾರೆ. ‘ಯಾರ ಕಡೆ ಜಾಸ್ತಿ ಅದಾವ?’ ಎಂದು ಕೇಳಿ. ಮೊದಲು ಅದಕ್ಕೆ ಉತ್ತರ, ಆಮೇಲೆ ಲೆಕ್ಕ.

ಭಾಷೆಯ ಬಗ್ಗೆ ಇನ್ನೂ ಹೇಳಬೇಕು, ಯಾಕೆಂದರೆ ಈ ಮೂರು ಜಿಲ್ಲೆಗಳಲ್ಲಿ ಮಗುವಿನ ಮನೆಮಾತು ಕನ್ನಡವೇ ಇರಬೇಕೆಂದಿಲ್ಲ. ತಾಂಡಾದಲ್ಲಿ ಲಂಬಾಣಿ, ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಗಡಿಯಲ್ಲಿ ತೆಲುಗು, ಪಟ್ಟಣದ ಗಲ್ಲಿಗಳಲ್ಲಿ ದಖನಿ ಉರ್ದು. ಈ ಮಕ್ಕಳು ಅಂಗಡಿಯಲ್ಲಿ, ಆಟದಲ್ಲಿ ಕನ್ನಡ ಚೆನ್ನಾಗಿ ಆಡುತ್ತಾರೆ, ಅದನ್ನು ಕೇಳಿ ಪುಸ್ತಕದ ಕನ್ನಡವೂ ಬರುತ್ತದೆ ಎಂದು ಮೋಸಹೋಗುತ್ತೇವೆ. ಕನ್ನಡದ ಮನೆಯ ಮಗುವಿಗೇ ‘ದ್ಯುತಿಸಂಶ್ಲೇಷಣೆ’ ಪರದೇಶದ ಮಾತು. ಎಲೆ ಬಿಸಿಲು ಹಿಡಿದು ತನ್ನ ಅಡಿಗಿ ತಾನೇ ಮಾಡಿಕೊಳ್ಳುತ್ತದೆ ಎಂದು ಮೊದಲು ಅವರ ಮಾತಿನಲ್ಲಿ ಹೇಳಿ. ತಿಳಿಯಿತು ಎಂದು ಖಾತ್ರಿಯಾದ ಮೇಲೆ ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಮಾಡುವುದು ಎಂದು ಪದ ಒಡೆದು ತೋರಿಸಿ. ‘ಸಾಲಿ’, ‘ಬರಲತ್ತೀನಿ’ ಎಂಬ ಮಾತನ್ನು ತಿದ್ದಲು ಹೋಗಬೇಡಿ. ಬರೆಯುವಾಗ ‘ಶಾಲೆ’, ‘ಬರುತ್ತಿದ್ದೇನೆ’ ಎಂದು ಬರೆದರೆ ಸಾಕು. ಆಡುವ ಮಾತಿಗೇ ಕೈ ಹಾಕಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಎಲ್ಲಿ ತಿಳಿದಿಲ್ಲ ಎಂದು ಪತ್ತೆಹಚ್ಚುವುದು ಹೇಗೆ?

ಕಲಿಸುವುದಕ್ಕಿಂತ ಬೇಸರದ, ಆದರೆ ಅಷ್ಟೇ ಬೆಲೆಯ ಕೆಲಸ ಕಾಗದಪತ್ರಗಳದ್ದು. ಎನ್‌ಎಂಎಂಎಸ್ ತೆಗೆದುಕೊಳ್ಳಿ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯ ಮಗು ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದತನಕ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟರಿಗೆ ಶೇ 5ರ ವಿನಾಯಿತಿ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆ 90 ಪ್ರಶ್ನೆ, ವಿಷಯದ ಪತ್ರಿಕೆ 90 ಪ್ರಶ್ನೆ, ತಲಾ 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ. ಅರ್ಹತೆಗೆ ಶೇ 40, ಪರಿಶಿಷ್ಟರಿಗೆ ಶೇ 32. ಬುದ್ಧಿವಂತ ಮಕ್ಕಳೂ ಇಲ್ಲಿ ಕೈತಪ್ಪಿಸಿಕೊಳ್ಳುವುದು ಉತ್ತರದ ಸೊನ್ನೆ ತುಂಬುವ ಓಎಂಆರ್ ಹಾಳೆಯಲ್ಲಿ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಹಾಳೆಯಲ್ಲಿ ಜಾಗ ಬಿಡಲು ಮರೆತು, ಅಲ್ಲಿಂದ ಮುಂದಿನ ಉತ್ತರಗಳೆಲ್ಲ ಒಂದೊಂದು ಮನೆ ಮೇಲೆ. ಸೊನ್ನೆಗಳಿರುವ ಹಾಳೆ ಝೆರಾಕ್ಸ್ ಮಾಡಿಸಿ ವಾರಕ್ಕೊಂದರಂತೆ ಎಂಟು ಸಲ ಬಾಲ್‌ಪೆನ್ನಿನಿಂದ ತುಂಬಿಸಿ. ಹತ್ತು ಪ್ರಶ್ನೆಗೊಮ್ಮೆ ನಿಂತು ಪ್ರಶ್ನೆಯ ನಂಬರೂ ಹಾಳೆಯ ನಂಬರೂ ಹೊಂದುತ್ತವೆಯೇ ಎಂದು ನೋಡುವ ರೂಢಿ ಮಾಡಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬಾರದು.

ಈ ಪರೀಕ್ಷೆ ಬರುವುದು ಸಾಮಾನ್ಯವಾಗಿ ಡಿಸೆಂಬರ್, ಜನವರಿ ಸುಮಾರಿಗೆ. ಹತ್ತಿ, ತೊಗರಿ, ಕಬ್ಬು, ಎಲ್ಲದರ ನಡುವೆ. ಹೆಸರು ನೋಂದಾಯಿಸಿಯೂ ಪರೀಕ್ಷೆಯ ದಿನ ಮಗು ಹೊಲದಲ್ಲಿರುವುದಕ್ಕೆ ಇದೇ ಕಾರಣ.

ಆಯ್ಕೆಯಾದ ಮೇಲೂ ಹಣ ಬಾರದಿರುವುದಕ್ಕೆ ಕಾರಣ ಹೆಸರು. ಮನೆಯಲ್ಲಿ ಮಲ್ಲು, ಆಧಾರ್‌ನಲ್ಲಿ ಮಲ್ಲಪ್ಪ, ಶಾಲೆಯ ದಾಖಲೆಯಲ್ಲಿ ಮಲ್ಲಿಕಾರ್ಜುನ. ಮೂವರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇಂಥಲ್ಲಿ ಶಾಲೆಯ ದಾಖಲೆಗೆ ಸರಿಯಾಗಿ ಆಧಾರ್ ತಿದ್ದಿಸುವುದು ಒಳ್ಳೆಯದು, ಏಕೆಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಶಾಲೆಯ ಹೆಸರು, ಮುಂದೆ ಜೀವನಪೂರ್ತಿ ಕೇಳುವುದು ಆ ಅಂಕಪಟ್ಟಿಯನ್ನು. ಆಧಾರ್‌ನಲ್ಲಿ ಹೆಸರು ಎರಡೇ ಸಲ, ಹುಟ್ಟಿದ ದಿನಾಂಕ ಒಂದೇ ಸಲ ಬದಲಿಸಲು ಬರುತ್ತದೆ. ಆದ್ದರಿಂದ ಅಕ್ಷರ ಅಕ್ಷರ ನೋಡಿ, ಇಂಗ್ಲಿಷ್ ಸ್ಪೆಲ್ಲಿಂಗನ್ನೂ ಇನಿಷಿಯಲ್ಲನ್ನೂ ಶಾಲೆಯ ದಾಖಲೆಯೊಂದಿಗೆ ತಾಳೆ ಹಾಕಿ ಅರ್ಜಿ ಕೊಡಿ. ಮಗುವಿಗೆ 15 ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು ಎಂಬುದೂ ನೆನಪಿರಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ವ್ಯವಹಾರವಿಲ್ಲದೆ ಖಾತೆ ಸ್ಥಗಿತವಾಗಿದ್ದರೆ ಬ್ಯಾಂಕಿಗೆ ಹೋಗಿ ಗುರುತಿನ ದಾಖಲೆ ಕೊಟ್ಟು ಜೀವ ತುಂಬಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಅದರ ಮೇಲಿನ ಆರ್‌ಡಿ ನಂಬರ್ ಬೇರೆ ಬರೆದಿಡಿ. ಎನ್‌ಎಂಎಂಎಸ್ ಅರ್ಜಿಯನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿ ವರ್ಷ ನವೀಕರಿಸಬೇಕು. ಇದನ್ನೆಲ್ಲ ಜುಲೈ, ಆಗಸ್ಟ್‌ನಲ್ಲೇ ಮುಗಿಸಬೇಕು. ಅಪ್ಪ ಅವ್ವ ಗುಳೆ ಹೋದ ಮೇಲೆ ಸಹಿ ಮಾಡುವವರೂ ಇಲ್ಲ, ಒಟಿಪಿ ಬರುವ ಫೋನೂ ಊರಲ್ಲಿಲ್ಲ.

ಸಂವಿಧಾನದ 371(ಜೆ) ವಿಧಿಯ ಕಾಗದವೂ ಹೀಗೆಯೇ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಎಂಬುದು ಹೋರಾಟದಿಂದ ಬಂದ ಹಕ್ಕು. ಅದನ್ನು ಬಳಸಲು ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಕಲಬುರಗಿ ಜಿಲ್ಲೆಗೆ ಕಲಬುರಗಿ ಮತ್ತು ಸೇಡಂ, ಬೀದರ್‌ಗೆ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಗೆ ಯಾದಗಿರಿ. ಸಿಇಟಿ ಅರ್ಜಿಯ ವಾರದಲ್ಲಿ ಓಡಾಡುವ ಬದಲು ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲೇ ಮಾಡಿಸಿಕೊಂಡರೆ ತಲೆಬಿಸಿ ಇಲ್ಲ. ಒಂದರಿಂದ ಹತ್ತರತನಕದ ವ್ಯಾಸಂಗ ಪ್ರಮಾಣಪತ್ರವನ್ನೂ ಆಗಲೇ ಬರೆಸಿಟ್ಟುಕೊಳ್ಳಿ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಅದೇ ಆಧಾರ.

ಎಸ್ಸೆಸ್ಸೆಲ್ಸಿ ಬಗ್ಗೆ ಒಂದೇ ಮಾತು ಹೇಳುತ್ತೇನೆ. 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಜಿಲ್ಲೆ ಫಲಿತಾಂಶದಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನ. 2025ರಲ್ಲಿ ಕಲಬುರಗಿಯ ಮೊದಲ ಪರೀಕ್ಷೆಯ ಫಲಿತಾಂಶ ಶೇ 42.43. ಈ ಅಂಕಿಯನ್ನು ಮಕ್ಕಳ ಮುಂದೆ ಎತ್ತಿ ಆಡಬೇಡಿ, ಅದರಿಂದ ಯಾವ ಮಗುವಿಗೂ ಒಂದು ಅಂಕ ಜಾಸ್ತಿ ಬಂದದ್ದಿಲ್ಲ. ಮೆಂಟರ್ ಬೇಕಾಗುವುದು ಫಲಿತಾಂಶದ ದಿನ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಫೇಲಾದವರು ಕೆಲವೇ ವಾರಗಳಲ್ಲಿ ಪರೀಕ್ಷೆ 2 ಬರೆಯಬಹುದು. ನೋಂದಣಿಗೆ ಸಿಗುವ ಅವಧಿ ಚಿಕ್ಕದು, ಶಾಲೆಗೆ ಬೇಸಿಗೆ ರಜೆ, ಮನೆಯವರು ಬೆಂಗಳೂರಿನ ಬಸ್ಸಿಗೆ ಗಂಟುಮೂಟೆ ಕಟ್ಟುತ್ತಿರುತ್ತಾರೆ. ಅವತ್ತು ಸಂಜೆಯೊಳಗೆ ಫೋನ್ ಹೋಗಬೇಕು. ‘ಎಷ್ಟ್ ಬಿತ್ತು?’ ಎಂದು ಕೇಳುವ ಬದಲು ‘ಯಾವ ವಿಷಯ ಉಳೀತು?’ ಎಂದು ಕೇಳಿ, ಮುಖ್ಯಗುರುಗಳನ್ನು ಕಾಣಲು ಯಾವತ್ತು ಹೋಗೋಣ ಎಂದು ಅಲ್ಲೇ ದಿನ ಗೊತ್ತು ಮಾಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಮಹಿಳಾ ಮೆಂಟರ್ ಇರುವುದು ಅನುಕೂಲವಷ್ಟೇ ಅಲ್ಲ, ಅಗತ್ಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಓಡಾಟಕ್ಕೆ ಖರ್ಚಿಲ್ಲ, ಗುಲ್ಬರ್ಗ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಓದುವ ಹುಡುಗಿಯರು ವಾರಕ್ಕೊಮ್ಮೆ ಹಳ್ಳಿಗೆ ಹೋಗಿಬರುವುದು ಈಗ ಸಾಧ್ಯ. ‘ನಮ್ಮೂರಿನಂಥದೇ ಊರಿನಾಕಿ ಎಂ.ಎ. ಓದ್ಲತ್ತಾಳ’ ಎಂದು ಅವ್ವಂದಿರು ಕಣ್ಣಾರೆ ನೋಡುವುದಕ್ಕೆ ಸಮನಾದ ಭಾಷಣ ಇಲ್ಲ. ತಿಂಗಳ ಮುಟ್ಟಿನ ದಿನಗಳಲ್ಲಿ ಮಾತ್ರ ಗೈರಾಗುತ್ತಿದ್ದರೆ ಶಾಲೆಯ ಶೌಚಾಲಯದಲ್ಲಿ ನೀರಿದೆಯೇ ನೋಡಿ. ಹುಡುಗಿ ಏಕಾಏಕಿ ಮಾತು ಕಮ್ಮಿ ಮಾಡಿದರೆ, ಮನೆಯಲ್ಲಿ ‘ನೋಡಾಕ ಬರ್ಲತ್ತಾರ’ ಎಂಬ ಸುದ್ದಿ ಕಿವಿಗೆ ಬಿದ್ದರೆ, ತಡಮಾಡದೆ ಮುಖ್ಯಗುರುಗಳಿಗೆ ಹೇಳಿ 1098ಕ್ಕೆ ಕರೆ ಮಾಡಿ.

ಈಗ ಅಕ್ಟೋಬರ್ ತಿಂಗಳ ಮಾತು. ಇದರ ತಯಾರಿ ಶುರುವಾಗುವುದು ಜೂನ್‌ನಲ್ಲೇ, ಯಾಕೆಂದರೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ನಿಲಯಗಳಿಗೆ ಅರ್ಜಿ ಕರೆಯುವುದು ಶಾಲೆ ಆರಂಭದ ಹೊತ್ತಿಗೆ. ಅಪ್ಪ ಅವ್ವ ಪ್ರತಿ ವರ್ಷ ಗುಳೆ ಹೋಗುವ ಮಗುವಿಗೆ ಹಾಸ್ಟೆಲ್ ಸೀಟು ಆಗಲೇ ಹಿಡಿದಿರಬೇಕು. ಅಕ್ಟೋಬರ್‌ನಲ್ಲಿ ಕೇಳಿದರೆ ತುಂಬಿರುತ್ತದೆ. ಹಾಸ್ಟೆಲ್ ಆಗದಿದ್ದರೆ ಊರಲ್ಲಿ ಉಳಿಯುವ ಅಜ್ಜಿಯೋ ಕಾಕಾನೋ ಇದ್ದಾರೆಯೇ, ಅವರ ಮನೆಗೆ ಜೋಳ, ಅಕ್ಕಿ ಇದೆಯೇ ಎಂದು ವಿಚಾರಿಸಬೇಕು.

ಮಹಾನವಮಿಗೆ ಹದಿನೈದು ದಿನ ಮೊದಲು ಒಬ್ಬ ಮಾಸ್ತರರ ಜೊತೆ ಮನೆಗೆ ಹೋಗಿ, ಸಂಜೆ ಏಳರ ಮೇಲೆ. ಹದಿನಾಲ್ಕು ತುಂಬದ ಮಗುವನ್ನು ಕೂಲಿಗೆ ಕಳಿಸುವುದು ಕಾನೂನಿಗೆ ವಿರುದ್ಧ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಹೊಸ್ತಿಲಲ್ಲೇ ಕಾನೂನು ತೆಗೆದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಯವ್ವಾ, ಹತ್ತಿ ಯಾವಾಗ ಸುರು ಆಗ್ತದ? ಎಷ್ಟು ದಿನ ಆಗಬಹುದ್ರಿ?’ ಎಂದು ಶುರು ಮಾಡಿ. ಅವರ ಮೂರು ತಿಂಗಳ ಲೆಕ್ಕ ಪೂರ್ತಿ ಕೇಳಿ. ಆಮೇಲೆ ನಿಮ್ಮ ಬೇಡಿಕೆ ಖಚಿತವಾಗಿರಲಿ. ‘ಸಾಲಿಗಿ ಕಳಿಸ್ರಿ’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಮರುದಿನ ಹೊಲಕ್ಕೇ ಕಳಿಸುತ್ತಾರೆ. ಪರೀಕ್ಷೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಅವ್ವನ ಎದುರೇ ಗುಂಡಗೆ ಗೀಚಿ, ‘ಈ ದಿನ ಮಾತ್ರ ಎಲ್ಲಿಗೂ ಕಳಿಸಬ್ಯಾಡ್ರಿ, ಉಳಿದದ್ದು ಮಾತಾಡೂಣು’ ಎಂದರೆ ಆ ದಿನಗಳಾದರೂ ಉಳಿಯುತ್ತವೆ. ಅಲ್ಲಿಂದ ವಾರಕ್ಕೆ ಎರಡು ದಿನ, ಮೂರು ದಿನ ಎಂದು ಏರಿಸಬಹುದು. ಹಣ ಕೊಡಬೇಡಿ, ಸಾಲವಾಗಿಯೂ ಬೇಡ. ಕೊಟ್ಟ ಮರುದಿನದಿಂದ ಆ ಮನೆಗೆ ನೀವು ಸಾಲಗಾರರಲ್ಲಿ ಒಬ್ಬರು, ನಿಮ್ಮ ದನಿ ಕೇಳಿದರೆ ಮಗು ಒಳಗೆ ಹೋಗುತ್ತದೆ.

ಊರು ಬಿಟ್ಟು ಹೋಗುವ ಮಗುವಿಗೆ ಒಂದು ಕಟ್ಟು ಕೊಡಿ: 36 ಹಾಳೆ, ಹನ್ನೆರಡು ವಾರಕ್ಕೆ ವಾರಕ್ಕೆ ಮೂರರಂತೆ. ಒಂದು ಬದಿಗೆ ಎಂಟು ಸಾಲಿನ ಓದು, ಇನ್ನೊಂದು ಬದಿಗೆ ಐದು ಲೆಕ್ಕ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ದಿನವಿಡೀ ಬಗ್ಗಿ ಕೆಲಸ ಮಾಡಿದ ಮೈಗೆ ಅಷ್ಟೇ ಆಗುವುದು. ದಪ್ಪ ಪ್ಲಾಸ್ಟಿಕ್ ಕವರ್, ಎರಡು ಪೆನ್ನು. ಹಾಳೆಯ ಮೇಲೆ ದಿನಾಂಕ ಹಾಕದೆ 1, 2, 3 ಎಂದು ನಂಬರ್ ಹಾಕಿ. ದಿನಾಂಕ ಹಾಕಿದರೆ ತಪ್ಪಿದ ಹಾಳೆಗಳು ಬಾಕಿಯಾಗಿ ಕಾಣುತ್ತವೆ, ಬಾಕಿ ಐದಾದಾಗ ಮಗು ಕಟ್ಟನ್ನೇ ಮೂಲೆಗೆ ಹಾಕುತ್ತದೆ. ನಂಬರಾದರೆ ಹತ್ತು ದಿನ ಬಿಟ್ಟು ಬಂದರೂ ಮುಂದಿನದು ಏಳನೇ ಹಾಳೆಯೇ.

ಭಾನುವಾರ ರಾತ್ರಿ ಎಂಟರ ಹೊತ್ತಿಗೆ ಅವ್ವನ ಫೋನಿಗೆ ಕರೆ ಮಾಡಿ. ಮೊದಲು ಅವ್ವನ ಜೊತೆ ಮಾತು, ಆಮೇಲೆ ಮಗುವಿನ ಜೊತೆ ಐದಾರು ನಿಮಿಷ. ‘ಓದಿದ್ಯಾ?’ ಎಂದು ಕೇಳಿದರೆ ಸುಳ್ಳು ಹೇಳಿಸಿದಂತೆ. ‘ಎಷ್ಟನೇ ಹಾಳಿ ಅದಾ ಕೈಯಾಗ? ನಾಲ್ಕು ಸಾಲು ಓದಿ ಕೇಳಿಸು’ ಎನ್ನಿ. ಎರಡು ವಾರ ಫೋನ್ ಹತ್ತದಿದ್ದರೆ ರೀಚಾರ್ಜ್ ಮುಗಿದಿರುತ್ತದೆ ಅಷ್ಟೇ, ಮುಕದ್ದಮನ ನಂಬರ್ ಅಥವಾ ಜೊತೆಗೆ ಹೋದ ಇನ್ನೊಂದು ಮನೆಯ ನಂಬರ್ ಮೊದಲೇ ಬರೆದಿಟ್ಟುಕೊಂಡಿರಬೇಕು. ಅತ್ತ ಶಾಲೆಯಲ್ಲಿ ಮಗು ಎಲ್ಲಿದೆ, ಯಾವಾಗ ಬರುತ್ತದೆ ಎಂದು ಕ್ಲಾಸ್ ಮಾಸ್ತರರಿಗೆ ತಿಂಗಳಿಗೊಮ್ಮೆ ತಿಳಿಸುತ್ತಿರಿ. ಸುದ್ದಿಯೇ ಇಲ್ಲದ ಮಗುವಿನ ಹೆಸರು ನಿಧಾನವಾಗಿ ಎಲ್ಲರ ಬಾಯಿಂದಲೂ ಜಾರುತ್ತದೆ.

ವಾಪಸ್ ಬರುವುದು ಫೆಬ್ರವರಿಯಲ್ಲಿ, ಕೆಲವರು ಇನ್ನೂ ತಡವಾಗಿ. ಕೈಬೆರಳ ತುದಿಯಲ್ಲಿ ಹತ್ತಿಕಾಯಿಯ ಚಿಪ್ಪು ಗೀರಿದ ಗಾಯ, ಬಿಸಿಲಿಗೆ ಸುಟ್ಟ ಮುಖ. ಸಮವಸ್ತ್ರ ಗಿಡ್ಡವಾಗಿರುತ್ತದೆ. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುತ್ತಿರುವ ಆ ಮಗುವನ್ನು ‘ಇಷ್ಟು ದಿನ ಎಲ್ಲಿ ಹೋಗಿದ್ದಿ?’ ಎಂದು ಕೇಳಬೇಡಿ. ಕೂರುವ ಜಾಗವನ್ನು ಬೇರೆಯವರಿಗೆ ಕೊಟ್ಟಿರಬಾರದು. ಅದೇ ಜಾಗದಲ್ಲಿ ಕೂರಿಸಿ, ಪ್ಲಾಸ್ಟಿಕ್ ಕವರ್ ಬಿಚ್ಚಿಸಿ, ತುಂಬಿದ ಹಾಳೆ ಎಷ್ಟೇ ಇರಲಿ, ಹನ್ನೊಂದಿದ್ದರೆ ಹನ್ನೊಂದನ್ನೂ ಒಂದೊಂದಾಗಿ ಅವರ ಎದುರೇ ನೋಡಿ. ಆಮೇಲೆ ಹನ್ನೆರಡನೆಯದನ್ನು ಮುಂದಿಟ್ಟು ಪೆನ್ನು ಕೊಡಿ.